ನ್ಯಾನೊ ಕಣಗಳೂ ನಮ್ಮ ತೋಡಿನ ಮೀನುಗಳೂ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಮನೆ ಸುತ್ತ ಸ್ವಲ್ಪ ಅಡಿಕೆ ತೋಟ, ಮೇಲ್ಗಡೆ ಒಂದು ಮದಕ (ಮಳೆನೀರು ನಿಲ್ಲುವ ಕೆರೆ), ಕೆಳಗೆ ತೋಡು (ಚಿಕ್ಕ ಹಳ್ಳ). ಒಂದು ದಿನ ಊರಿನ ಗ್ರಂಥಾಲಯದಲ್ಲಿ ನ್ಯಾನೊ ಕಣ ಮತ್ತು ಮೀನಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಅಲ್ಲಿಂದ ಶುರುವಾಯಿತು. ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಮದುವೆ ಊಟದ ಹಂತಿಯಲ್ಲಿ, ಎಲ್ಲಿ ಸಿಕ್ಕಿದರೂ "ಮಾಸ್ಟ್ರೇ, ಒಂದು ಡೌಟು". ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹಾಗಾಗಿ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನ್ಯಾನೊ ಕಣ ಅಂದರೆ ಎಷ್ಟು ಚಿಕ್ಕದು?

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಕ್ಕೆ ನ್ಯಾನೊ ಕಣ ಅನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ರಕ್ತದ ಕೆಂಪು ಕಣವೇ 7,000 ನ್ಯಾನೊಮೀಟರ್ ಆಸುಪಾಸು. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಡಿ, ಕಾಣುವುದಿಲ್ಲ.

ಅಷ್ಟು ಚಿಕ್ಕದಾದರೆ ತೊಂದರೆಯೂ ಚಿಕ್ಕದೇ ಅಲ್ವಾ?

ಇಲ್ಲಿಯೇ ಎಲ್ಲರೂ ಎಡವುವುದು. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಳ್ಳಿಯ ತುಂಡು ತೆಗೆದುಕೊಳ್ಳಿ. ಆರು ಬದಿ ಸೇರಿ ಅದರ ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಪುಟ್ಟ ಪುಟ್ಟ ತುಂಡುಗಳಾಗಿ ಕತ್ತರಿಸಿದಿರಿ ಅಂತ ಇಟ್ಟುಕೊಳ್ಳಿ. ಎಲ್ಲ ತುಂಡುಗಳ ಮೈ ಕೂಡಿಸಿದರೆ 600 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹದಿನೈದು ಸೆಂಟ್ಸ್ ಜಾಗ, ಒಂದು ಮನೆ ಕಟ್ಟಿ ಅಂಗಳ ಬಿಡಬಹುದು! ಬೆಳ್ಳಿ ಒಂದು ಗುಲಗಂಜಿಯಷ್ಟೂ ಜಾಸ್ತಿಯಾಗಿಲ್ಲ. ಆದರೆ ನೀರಿಗೆ ತಾಗುವ ಮೈ ಹತ್ತು ಲಕ್ಷ ಪಟ್ಟು ಹೆಚ್ಚಿತು. ಕರಗುವುದು, ಅಂಟುವುದು, ರಾಸಾಯನಿಕ ಕ್ರಿಯೆ ನಡೆಯುವುದು ಎಲ್ಲ ಆ ಮೈಯಲ್ಲೇ ತಾನೆ?

ಪ್ರಕೃತಿಯಲ್ಲಿ ಇಂಥ ಕಣ ಮೊದಲು ಇರಲೇ ಇಲ್ಲವೇ?

ಧಾರಾಳ ಇತ್ತು. ಜೂನ್ ಮೊದಲ ಮಳೆಗೆ ತೋಡಿನಲ್ಲಿ ಬರುವ ಕೆಂಪು ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದಿಡಿ. ರಾತ್ರಿ ಕಳೆದರೆ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ನೀರು ಮಾತ್ರ ಚಹಾ ತೊಳೆದ ಬಣ್ಣದಲ್ಲೇ ಉಳಿಯುತ್ತದೆ. ಆ ಬಣ್ಣದಲ್ಲಿ ನಮ್ಮ ಮುರಕಲ್ಲಿನಿಂದ (ಜಂಬಿಟ್ಟಿಗೆ ಕಲ್ಲು) ಎದ್ದು ಬಂದ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳೂ ಇವೆ. ಸಾವಿರಾರು ವರ್ಷಗಳಿಂದ ಮುಗುಡು, ಮಡೆಂಜಿ ಮೀನುಗಳೆಲ್ಲ ಈ ನೀರಿನಲ್ಲೇ ಬದುಕಿವೆ.

ಹಾಗಾಗಿ "ನ್ಯಾನೊ" ಎಂಬ ಹೆಸರು ಕೇಳಿ ಹೆದರುವುದು ಸುಮ್ನೆ. ಕಣ ಯಾವುದರದ್ದು, ಅದು ಕರಗುತ್ತದಾ, ಎಷ್ಟು ಇದೆ, ಯಾವ ನೀರಿನಲ್ಲಿ ಇದೆ ಅಂತ ಕೇಳಬೇಕು. ಮುಂದಿನ ಉತ್ತರಗಳೆಲ್ಲ ಈ ನಾಲ್ಕರ ಸುತ್ತಲೇ ತಿರುಗುತ್ತವೆ.

ಮನುಷ್ಯ ಮಾಡಿದ್ದು ನಮ್ಮ ನೀರಿಗೆ ಎಲ್ಲಿಂದ ಬರುತ್ತದೆ?

ವಾಸನೆ ಬರದ ಕಾಲುಚೀಲ ಅಂತ ಮಾರುತ್ತಾರಲ್ಲ, ಅವುಗಳಲ್ಲಿ ಕೆಲವಕ್ಕೆ ಬೆಳ್ಳಿಯ ನ್ಯಾನೊ ಕಣ ಹಾಕಿರುತ್ತಾರೆ. ಒಗೆದ ಹಾಗೆ ಬೆಳ್ಳಿ ನೀರಿಗೆ ಬಿಡುತ್ತದೆ. ಸನ್‌ಸ್ಕ್ರೀನ್ ಕ್ರೀಮಿನಲ್ಲಿ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್. ಗೋಡೆ ಪೇಂಟಿನಲ್ಲೂ ಅವೇ. ಟೈರಿನ ರಬ್ಬರಿಗೂ ಜಿಂಕ್ ಆಕ್ಸೈಡ್ ಬೇಕು. ತಲಪಾಡಿಯಿಂದ ಈಚೆ ಹೆದ್ದಾರಿಯಲ್ಲಿ ಸವೆದ ಟೈರಿನ ಪುಡಿ ಮಳೆಗೆ ತೊಳೆದು ಹೋಗುವುದು ಹೊಳೆಗೇ.

ಬಂದರಿನಲ್ಲಿ ಇನ್ನೊಂದು ಕತೆ. ದೋಣಿಯ ಅಡಿಗೆ ಚಿಪ್ಪುಜೀವಿ, ಪಾಚಿ ಹಿಡಿಯಬಾರದು ಅಂತ ವಿಷದ ಪೇಂಟ್ ಬಳಿಯುತ್ತಾರೆ. ಮೊದಲು ತವರದ ಒಂದು ಸಂಯುಕ್ತ ಬಳಸುತ್ತಿದ್ದರು, ಅದು ಸಮುದ್ರದ ಶಂಖಗಳ ಸಂತಾನವನ್ನೇ ಕೆಡಿಸಿತು. 2008ರಲ್ಲಿ ಅದರ ಮೇಲೆ ಜಾಗತಿಕ ನಿಷೇಧ ಜಾರಿಗೆ ಬಂತು. ಈಗ ಹೆಚ್ಚಾಗಿ ತಾಮ್ರದ ಆಕ್ಸೈಡ್.

ಪ್ಲಾಸ್ಟಿಕ್ಕನ್ನು ಮರೆಯಬೇಡಿ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತೇವೆ. ಹಳೆಯ ಕೊಟ್ಟೆ ಬಿಸಿಲಿಗೆ ಹಪ್ಪಳದಂತಾಗಿ, ಮುಟ್ಟಿದರೆ ಪುಡಿ. ಆ ಪುಡಿ ಮತ್ತೂ ಪುಡಿಯಾಗುತ್ತ ಹೋಗುತ್ತದೆ, ಎಲ್ಲೂ ಮಾಯವಾಗುವುದಿಲ್ಲ.

ಮೀನಿನ ಮೈಗೆ ಇದು ಹೇಗೆ ತಾಗುತ್ತದೆ?

ಮೊದಲ ಪೆಟ್ಟು ಕಿವಿರಿಗೆ. ಇದನ್ನು ಮನೆಯಲ್ಲೇ ನೋಡಬಹುದು. ಬಂಗುಡೆ ತಂದ ದಿನ, ಕೊಯ್ಯುವ ಮೊದಲು, ಕಿವಿರಿನ ಮುಚ್ಚಳ ಎತ್ತಿ ಒಂದು ಕೆಂಪು ಕಮಾನನ್ನು ಕತ್ತರಿಯಿಂದ ತೆಗೆಯಿರಿ. ಕೈಯಲ್ಲಿ ಹಿಡಿದರೆ ಒದ್ದೆ ಬಟ್ಟೆಯ ಮುದ್ದೆ. ಬಿಳಿ ಬಟ್ಟಲಿನ ನೀರಿಗೆ ಹಾಕಿ. ಕೂಡಲೇ ಬಿಚ್ಚಿಕೊಳ್ಳುತ್ತದೆ, ಬಾಚಣಿಗೆಯ ಹಲ್ಲಿನಂತೆ ನೂರಾರು ಎಳೆ. ಪ್ರತಿ ಎಳೆಯ ಎರಡೂ ಬದಿಗೆ ಇನ್ನೂ ತೆಳು ಹಾಳೆಗಳು, ಅವು ಬರಿಗಣ್ಣಿಗೆ ಕಾಣುವುದಿಲ್ಲ. ಅಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಒಂದು ಮೀಟರಿನ ಕೆಲವೇ ಹತ್ತು ಲಕ್ಷದ ಪಾಲಿನಷ್ಟು ದಪ್ಪದ ಪರದೆ.

ಅಷ್ಟು ತೆಳು ಯಾಕೆ? ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಇರುವುದರ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಸಿಕ್ಕಿದ್ದನ್ನು ಬಿಡದೆ ಹಿಡಿಯಬೇಕು. ಅದಕ್ಕಾಗಿ ಮೀನು ಹಗಲು ರಾತ್ರಿ ನೀರನ್ನು ಕಿವಿರಿನ ಮೇಲೆ ಹಾಯಿಸುತ್ತಲೇ ಇರಬೇಕು. ನೀರಿನಲ್ಲಿ ಏನು ಇದ್ದರೂ ಅಲ್ಲಿಗೆ ತಾಗಿಯೇ ಹೋಗುತ್ತದೆ.

ಕಣ ತಾಗಿದಾಗ ಕಿವಿರು ಲೋಳೆ ಸುರಿಸುತ್ತದೆ. ನಮಗೆ ಧೂಳಿಗೆ ಮೂಗು ಸೋರುವ ಹಾಗೆ. ಲೋಳೆ ಕಣಗಳನ್ನು ಹಿಡಿದು ಹೊರಗೆ ಹಾಕುತ್ತದೆ, ಒಳ್ಳೆಯದೇ. ಆದರೆ ಲೋಳೆ ದಪ್ಪವಾದರೆ ಆಮ್ಲಜನಕವೂ ಒಳಗೆ ಬರುವುದು ಕಷ್ಟ. ತೊಂದರೆ ಮುಂದುವರಿದರೆ ಹಾಳೆಗಳ ಜೀವಕೋಶ ಬೆಳೆದು ದಪ್ಪವಾಗಿ, ಅಕ್ಕಪಕ್ಕದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 2007ರಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ಟೈಟಾನಿಯಂ ಡೈಆಕ್ಸೈಡ್ ಕಣ ಇರುವ ನೀರಿನಲ್ಲಿ ಇಟ್ಟು ನೋಡಿದಾಗ ಕಿವಿರಿನಲ್ಲಿ ಇಂಥ ಗಾಯಗಳೇ ಕಂಡವು.

ಬೆಳ್ಳಿ, ತಾಮ್ರ ಇನ್ನೊಂದು ದಾರಿ ಹಿಡಿಯುತ್ತವೆ. ಸಿಹಿನೀರಿನ ಮೀನಿನ ಮೈಯಿಂದ ಉಪ್ಪು ಸದಾ ಹೊರಗೆ ಸೋರುತ್ತಿರುತ್ತದೆ. ಅದನ್ನು ನೀರಿನಿಂದ ಮತ್ತೆ ಒಳಗೆ ಎಳೆದುಕೊಳ್ಳುವ ಪಂಪು ಕಿವಿರಿನ ಜೀವಕೋಶಗಳಲ್ಲಿದೆ. ಕಣ ಕರಗಿ ಬಿಟ್ಟ ಬೆಳ್ಳಿಯ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಆ ಪಂಪನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಸೋಡಿಯಂ ಇಳಿಯುತ್ತ ಹೋಗುತ್ತದೆ, ಮೀನು ಸಾಯುತ್ತದೆ. ಹೊರಗಿನಿಂದ ನೋಡಿದರೆ ಒಂದು ಗೀರೂ ಇರುವುದಿಲ್ಲ.

ಹೊಳೆ ಮೀನಿಗೂ ಸಮುದ್ರದ ಮೀನಿಗೂ ವ್ಯತ್ಯಾಸ ಇದೆಯಾ?

ಇದೆ. ಉಪ್ಪು ನೀರಿನಲ್ಲಿ ನ್ಯಾನೊ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ತಳಕ್ಕೆ ಕೂರುತ್ತವೆ. ಬೆಳ್ಳಿಯ ಅಯಾನನ್ನು ಉಪ್ಪಿನ ಕ್ಲೋರೈಡ್ ಹಿಡಿದುಕೊಳ್ಳುತ್ತದೆ. ಆದರೆ ಸಮುದ್ರದ ಮೀನು ನೀರು ಕುಡಿಯುತ್ತದೆ, ಸಿಹಿನೀರಿನ ಮೀನು ಹೆಚ್ಚುಕಮ್ಮಿ ಕುಡಿಯುವುದೇ ಇಲ್ಲ. ಹಾಗಾಗಿ ಒಂದಕ್ಕೆ ಕಿವಿರಿನ ಚಿಂತೆ, ಇನ್ನೊಂದಕ್ಕೆ ಹೊಟ್ಟೆಯದ್ದೂ.

ಎರಡೂ ಸೇರುವ ಅಳಿವೆಯಲ್ಲಿ ನನಗೆ ಹೆಚ್ಚು ಕುತೂಹಲ. ಚಂದ್ರಗಿರಿ, ಶಿರಿಯ, ಮೊಗ್ರಾಲ್ ಹೊಳೆಗಳು ಹೊತ್ತು ತಂದದ್ದು ಉಪ್ಪು ತಾಗಿದ ಕೂಡಲೇ ಗಂಟಾಗಿ ಕೆಸರಿಗೆ ಇಳಿಯುತ್ತದೆ. ಆ ಕೆಸರನ್ನು ಮುಕ್ಕಿ ಬದುಕುವ ಮೀನು, ಸಿಗಡಿ, ಕೆಸರಿನಲ್ಲಿ ಹುದುಗಿರುವ ಮರುವಾಯಿ ಚಿಪ್ಪು ಅಲ್ಲೇ ಇವೆ. ನೀರು ತಿಳಿಯಾಯಿತು ಅಂದರೆ ತೊಂದರೆ ಮುಗಿಯಿತು ಅಂತ ಅಲ್ಲ, ತಳಕ್ಕೆ ಹೋಯಿತು ಅಷ್ಟೆ.

ಮೈಯೊಳಗೆ ಹೋದ ಮೇಲೆ ಏನಾಗುತ್ತದೆ?

ಹೆಚ್ಚು ಕೂಡುವುದು ಲಿವರ್, ಕಿಡ್ನಿ, ಕರುಳು, ಕಿವಿರಿನಲ್ಲಿ. ಜೀವಕೋಶದಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗೆ ಉತ್ಕರ್ಷಣ ಒತ್ತಡ ಅಂತ ಹೆಸರು. ಹೆಸರು ದೊಡ್ಡದು, ಸಂಗತಿ ಸರಳ. ಉಸಿರಾಡುವ ಎಲ್ಲ ಜೀವಕೋಶದಲ್ಲೂ ಆಮ್ಲಜನಕದ ಕೆಲವು ಪುಂಡ ರೂಪಗಳು ಹುಟ್ಟುತ್ತವೆ. ಅವನ್ನು ತಣಿಸಲು ಗ್ಲುಟಾಥಯೋನ್, ಕೆಟಲೇಸ್ ಮೊದಲಾದ ಕಾವಲುಗಾರರಿದ್ದಾರೆ. ಕಣಗಳು ಬಂದರೆ ಪುಂಡರು ಜಾಸ್ತಿ, ಕಾವಲು ಸಾಕಾಗುವುದಿಲ್ಲ. ಜೀವಕೋಶದ ಪೊರೆಯ ಕೊಬ್ಬು ಹಾಳಾಗುತ್ತದೆ. ಎಣ್ಣೆ ಹಳತಾಗಿ ಕಮಟು ಹಿಡಿಯುತ್ತದಲ್ಲ, ಹಾಗೆ.

ಇಲ್ಲೊಂದು ಎಚ್ಚರಿಕೆ. 2004ರಲ್ಲಿ ಅಮೆರಿಕದ ಎವಾ ಓಬರ್ಡೋರ್ಸ್ಟರ್ ಎಂಬ ವಿಜ್ಞಾನಿ, ಫುಲ್ಲರೀನ್ ಎಂಬ ಇಂಗಾಲದ ಕಣ 48 ಗಂಟೆಯಲ್ಲೇ ಬಾಸ್ ಮೀನಿನ ಮಿದುಳಿನ ಕೊಬ್ಬನ್ನು ಕೆಡಿಸಿತು ಎಂದು ವರದಿ ಮಾಡಿದರು. ದೊಡ್ಡ ಸುದ್ದಿಯಾಯಿತು. ಮೂರು ವರ್ಷದ ಮೇಲೆ ಬೇರೆಯವರು ಜೀಬ್ರಾ ಮೀನಿನ ಮರಿಗಳಲ್ಲಿ ನೋಡಿದರೆ, ಇಂಗಾಲವನ್ನು ನೀರಿಗೆ ಬೆರೆಸಲು ಬಳಸಿದ ದ್ರಾವಕ ಒಡೆದು ಆದ ವಸ್ತುವೇ ವಿಷವಾಗಿತ್ತು! ಮೊದಲಿನವರು ಮೋಸ ಮಾಡಿದ್ದಲ್ಲ. ಹೊಸ ವಿಷಯದಲ್ಲಿ ಹೀಗೇ ಆಗುವುದು. ಒಂದೇ ಪ್ರಯೋಗದ ಸುದ್ದಿ ನೋಡಿ ಯಾರಾದರೂ ಹೆದರಿಸಿದರೆ ಈ ಕತೆ ಹೇಳಿ.

ಸಾಯದಿದ್ದರೆ ತೊಂದರೆ ಇಲ್ಲ ಅಂತ ಲೆಕ್ಕವಾ?

ಅಲ್ಲ. ಸಾವು ಕೊನೆಯ ಲಕ್ಷಣ. ಅದಕ್ಕಿಂತ ಮೊದಲು ನಡತೆ ಬದಲಾಗುತ್ತದೆ.

ಮೀನಿಗೆ ಮೂಗು ಬಹಳ ಮುಖ್ಯ. 1938ರಲ್ಲಿ ಕಾರ್ಲ್ ಫಾನ್ ಫ್ರಿಷ್ ಒಂದು ಸಂಗತಿ ಬರೆದರು. ಗಾಯಗೊಂಡ ಚಿಕ್ಕ ಮೀನಿನ ಚರ್ಮದಿಂದ ಒಂದು ವಾಸನೆ ಹೊರಡುತ್ತದೆ, ಅದು ಸಿಕ್ಕಿದ ಕೂಡಲೇ ಗುಂಪಿನ ಉಳಿದ ಮೀನುಗಳು ಓಡಿ ಅಡಗುತ್ತವೆ. ಊರಲ್ಲಿ ಬೊಬ್ಬೆ ಹಾಕಿದ ಹಾಗೆ. ತಾಮ್ರ ಮೀನಿನ ಮೂಗಿನ ನರಕೋಶಗಳನ್ನು ಮಂಕು ಮಾಡುತ್ತದೆ. ಬೊಬ್ಬೆ ಕೇಳಿಸದ ಮೀನು ನಿಂತಲ್ಲೇ ನಿಲ್ಲುತ್ತದೆ, ಮಡೆಂಜಿ ಬಂದು ನುಂಗುತ್ತದೆ. ಸತ್ತ ಮೀನು ತೇಲಲೇ ಇಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಇನ್ನೊಂದು ಮಾಡಿದರು. ಪ್ಲಾಸ್ಟಿಕ್ ನ್ಯಾನೊ ಕಣವನ್ನು ಪಾಚಿಗೆ ಕೊಟ್ಟರು, ಪಾಚಿಯನ್ನು ನೀರುಚಿಗಟ ಎಂಬ ಪುಟ್ಟ ಜೀವಿಗೆ, ಅದನ್ನು ಕಾರ್ಪ್ ಜಾತಿಯ ಮೀನಿಗೆ. ಮೀನು ತಿನ್ನುವುದು ನಿಧಾನವಾಯಿತು, ಓಡಾಟ ಬದಲಾಯಿತು. 2017ರ ಅವರ ವರದಿಯಲ್ಲಿ ಮಿದುಳಿನಲ್ಲೂ ಬದಲಾವಣೆ ಕಂಡಿತ್ತು.

ಜೊತೆಗೆ ಕಣಗಳು ಬೇರೆ ವಿಷವನ್ನು ಹೊತ್ತು ತರುತ್ತವೆ. ಟೈಟಾನಿಯಂ ಡೈಆಕ್ಸೈಡ್ ಕಣ ಇರುವ ನೀರಿನಲ್ಲಿ ಕಾರ್ಪ್ ಮೀನಿನ ಮೈಗೆ ಕ್ಯಾಡ್ಮಿಯಂ ಜಾಸ್ತಿ ಸೇರಿದ್ದು 2007ರಲ್ಲೇ ಗೊತ್ತಾಯಿತು. ಸ್ವಂತ ತಾನು ಸಾಧು, ಚೀಲದಲ್ಲಿ ಮಾತ್ರ ಬೇರೇನೋ.

ಮೊಟ್ಟೆ, ಮರಿಗಳಿಗೆ?

ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮ ದೇಶದ್ದೇ ಮೀನು. ಜೀಬ್ರಾ ಮೀನಿನ ಮೂಲ ಭಾರತ, ಬಾಂಗ್ಲಾ, ನೇಪಾಳದ ಕಡೆಯ ತೊರೆಗಳು. ಇವತ್ತು ಲೋಕದ ಎಷ್ಟೋ ಪ್ರಯೋಗಾಲಯಗಳಲ್ಲಿ ಇದೆ. ಅದರ ಮೊಟ್ಟೆ ಗಾಜಿನಂತೆ, ಒಳಗಿನ ಹೃದಯ ಮಿಡಿಯುವುದು ಹೊರಗೆ ಕಾಣುತ್ತದೆ. ಎರಡು ಮೂರು ದಿನದಲ್ಲಿ ಮರಿ.

ಮೊಟ್ಟೆಯ ಸಿಪ್ಪೆಯಲ್ಲಿ ಅರ್ಧದಿಂದ ಮುಕ್ಕಾಲು ಮೈಕ್ರೊಮೀಟರಿನ ತೂತುಗಳಿವೆ. ಬೆಳ್ಳಿಯ ಕಣ ಅವುಗಳ ಮೂಲಕ ಒಳಗೆ ಹೋಗುವುದನ್ನು 2007ರಲ್ಲಿ ಕಣ್ಣಾರೆ ಕಂಡರು. ಪ್ರಮಾಣ ಹೆಚ್ಚಿದ ಹಾಗೆ ಸೊಟ್ಟ ಬೆನ್ನು, ಊದಿದ ಹೃದಯದ ಚೀಲ, ಸಾವು. ಸತು (ಜಿಂಕ್) ಮತ್ತು ತಾಮ್ರದ ಆಕ್ಸೈಡ್ ಕಣಗಳು ಬೇರೆ ರೀತಿ. ಸಿಪ್ಪೆಯನ್ನು ಕರಗಿಸಿ ಮರಿಯನ್ನು ಹೊರಬಿಡುವ ಕಿಣ್ವವನ್ನೇ ಅವು ಕಟ್ಟಿಹಾಕುತ್ತವೆ. ಮರಿ ಒಳಗೆ ಬೆಳೆದಿದೆ, ಬಾಗಿಲು ತೆರೆಯುವುದಿಲ್ಲ. ದೊಡ್ಡ ಮೀನುಗಳನ್ನು 13 ವಾರ ಟೈಟಾನಿಯಂ ಡೈಆಕ್ಸೈಡ್ ನೀರಿನಲ್ಲಿ ಇಟ್ಟಾಗ ಇಡುವ ಮೊಟ್ಟೆಗಳ ಸಂಖ್ಯೆಯೇ ಇಳಿಯಿತು.

ಪ್ರಯೋಗಾಲಯದಲ್ಲಿ ಬೇಕಾದಷ್ಟು ಸುರಿದರೆ ಯಾವುದೂ ವಿಷವೇ. ನಿಜವಾದ ಕೆರೆಯಲ್ಲಿ?

ಒಳ್ಳೆಯ ಪ್ರಶ್ನೆ, ಕೇಳಿದ್ದು ಒಬ್ಬ ಆಟೋ ಚಾಲಕರು. ಎಷ್ಟೋ ಪ್ರಯೋಗಗಳಲ್ಲಿ ಹಾಕಿದ ಪ್ರಮಾಣ ಹೊಳೆಯಲ್ಲಿ ಇರಬಹುದಾದ್ದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹೊಳೆ ನೀರಿನಲ್ಲಿ ಕೊಳೆತ ಎಲೆಯ ಸತ್ವ ಕಣಗಳಿಗೆ ಅಂಗಿಯಂತೆ ಮೆತ್ತಿಕೊಂಡು ಎಷ್ಟೋ ಸಲ ವಿಷವನ್ನು ತಗ್ಗಿಸುತ್ತದೆ ಕೂಡ.

ಅದಕ್ಕೇ ಕೆನಡಾದವರು ಇಡೀ ಕೆರೆಯನ್ನೇ ಪ್ರಯೋಗಕ್ಕೆ ಬಳಸಿದರು. ಒಂಟಾರಿಯೊದಲ್ಲಿ ಸಂಶೋಧನೆಗೆಂದೇ ಮೀಸಲಿಟ್ಟ ಕೆರೆಗಳಿವೆ. ಅದರಲ್ಲಿ 222ನೇ ನಂಬರಿನ ಕೆರೆಗೆ 2014 ಮತ್ತು 2015ರಲ್ಲಿ ಬೆಳ್ಳಿಯ ನ್ಯಾನೊ ಕಣವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಲೀಟರಿಗೆ ಮೈಕ್ರೊಗ್ರಾಂ ಲೆಕ್ಕ, ಅಂದರೆ ಗ್ರಾಮಿನ ಹತ್ತು ಲಕ್ಷದ ಪಾಲು. ಮೀನು ರಾಶಿ ರಾಶಿ ಸತ್ತು ತೇಲಲಿಲ್ಲ. ಆದರೆ ಹಳದಿ ಪರ್ಚ್ ಎಂಬ ಮೀನು ಕಡಿಮೆ ತಿಂದಿತು, ಅದರ ಸಂಖ್ಯೆ ಇಳಿಯಿತು. ಪರ್ಚನ್ನು ತಿನ್ನುವ ಪೈಕ್ ಮೀನಿನ ಲಿವರಿನಲ್ಲಿ ಬೆಳ್ಳಿ ಸೇರಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ತೂಕದ ಪುರಾವೆ ಇದು.

ಅಡಿಕೆಗೆ ಬಿಡುವ ಮೈಲುತುತ್ತು ಕೂಡ ನ್ಯಾನೊ ಕಣವಾ?

ಅಲ್ಲ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಅಂದರೆ ತಾಮ್ರದ ಲವಣವಾದ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಅದನ್ನು ನ್ಯಾನೊ ಅಂತ ಮಾಡಿದ್ದಲ್ಲ. ಆದರೆ ಮೀನಿನ ಕಿವಿರಿಗೆ ಲೇಬಲ್ ಓದಲು ಬರುವುದಿಲ್ಲ. ತಾಮ್ರ ತಾಮ್ರವೇ. ನಮ್ಮ ಊರಿನ ಮಟ್ಟಿಗೆ ಕಾಲುಚೀಲದ ಬೆಳ್ಳಿಗಿಂತ ಇದರ ಮಾತೇ ಮೊದಲು ಬರಬೇಕು ಅಂತ ನನ್ನ ಅಭಿಪ್ರಾಯ.

ನನ್ನದೇ ತಪ್ಪು ಹೇಳುತ್ತೇನೆ. ಒಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡನೇ ಸಲ ಮದ್ದು ಬಿಟ್ಟು ಮುಗಿದಿತ್ತು. ನಾಲ್ಕೈದು ದಿನದಿಂದ ಮಳೆ ಇಲ್ಲ, ತೋಡಿನ ಹರಿವು ಇಳಿದಿತ್ತು. ಡ್ರಮ್ಮಿನ ತಳದಲ್ಲಿ ಒಂದು ನಾಲ್ಕು ಲೀಟರ್ ಉಳಿದಿತ್ತು. ಸುಸ್ತಾಗಿತ್ತು, ಅಲ್ಲೇ ತೋಡಿನ ಗುಂಡಿಗೆ ಮಗುಚಿ ಡ್ರಮ್ ತೊಳೆದೆ. ಮರುದಿನ ಬೆಳಿಗ್ಗೆ ನೋಡಿದರೆ ಬೆರಳುದ್ದದ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ಕೆಸುವಿನ ಬುಡದಲ್ಲಿ ತೇಲುತ್ತಿದ್ದವು. ಒಂದರ ಕಿವಿರು ಬಿಡಿಸಿದೆ. ಗಂಜಿ ತಿಳಿಯಂಥ ಲೋಳೆ ಮೆತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಕಿವಿರಿನ ಪಾಠ ಮಾಡಿದವನ ಕೆಲಸ ಇದು.

ಲೆಕ್ಕ ಆಮೇಲೆ ಹಾಕಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅದರಲ್ಲಿ ಕಾಲು ಕಿಲೋ ತಾಮ್ರ. ಅಂದರೆ ಲೀಟರಿಗೆ ಎರಡೂವರೆ ಗ್ರಾಂ. ನಾಲ್ಕು ಲೀಟರಿನಲ್ಲಿ ಹತ್ತು ಗ್ರಾಂ. ಗುಂಡಿಯಲ್ಲಿ ಹತ್ತು ಸಾವಿರ ಲೀಟರ್ ನೀರಿದ್ದರೆ ಒಂದು ಲೀಟರಿಗೆ ಒಂದು ಮಿಲಿಗ್ರಾಂ. ಸುಣ್ಣ ಇರುವುದರಿಂದ ಎಲ್ಲವೂ ಕರಗಿರುವುದಿಲ್ಲ, ನಿಜ. ಆದರೆ ಮೆದು ನೀರಿನಲ್ಲಿ ಮೀನಿನ ಮರಿಗೆ ಇದರ ಹತ್ತರಲ್ಲಿ ಒಂದು ಪಾಲು ಕರಗಿದ ತಾಮ್ರವೂ ಅಪಾಯ. ನಮ್ಮ ಮುರಕಲ್ಲು ನೆಲದ ನೀರು ಮೆದುವೇ. ಗಡಸು ನೀರಿನ ಸುಣ್ಣದಂಶ ಕಿವಿರಿನಲ್ಲಿ ತಾಮ್ರಕ್ಕೆ ಜಾಗ ಬಿಡದೆ ಕಾಯುತ್ತದೆ, ಇಲ್ಲಿ ಆ ಕಾವಲು ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ, ಬೇರೆ ಮೂಲ ಇಲ್ಲದಿದ್ದರೆ, ಲೀಟರಿಗೆ 1.5 ಮಿಲಿಗ್ರಾಂ ತಾಮ್ರದವರೆಗೂ ನಡೆಯುತ್ತದೆ. ನಾವು ಕುಡಿಯಬಹುದಾದ ನೀರಿನಲ್ಲಿ ಮೀನು ಸಾಯಬಹುದು!

ಈಗ ಬೆರೆಸುವುದೇ ಅಳತೆ ನೋಡಿ. ಉಳಿದದ್ದು, ಡ್ರಮ್ ತೊಳೆದ ನೀರು ಎರಡೂ ತೋಡಿನಿಂದ ದೂರದ ಅಡಿಕೆ ಸಾಲಿಗೆ. ಮಣ್ಣಿನಲ್ಲೂ ತಾಮ್ರ ಕೂಡುತ್ತದೆ, ಆ ತಕರಾರು ನನಗೂ ಇದೆ. ಕೊಳೆರೋಗಕ್ಕೆ ಅಡಿಕೆ ಬಿಟ್ಟುಕೊಡಲು ಮಾತ್ರ ಯಾರೂ ತಯಾರಿಲ್ಲ, ನಾನೂ ಇಲ್ಲ.

ಹಾಗಾದರೆ ನ್ಯಾನೊ ಯೂರಿಯಾ?

ಹೆಸರು ಒಂದೇ, ಜಾತಿ ಬೇರೆ. ಯೂರಿಯಾ ನೀರಿನಲ್ಲಿ ಕರಗಿ ಹೋಗುವ ವಸ್ತು, ಬೆಳ್ಳಿಯ ಹಾಗೆ ಉಳಿಯುವ ಲೋಹ ಅಲ್ಲ. ಬಾಟಲಿ ತೊಳೆದ ನೀರನ್ನು ಕೆರೆಗೆ ಹಾಕದಿದ್ದರೆ ಸಾಕು.

ಎಂಡೋಸಲ್ಫಾನ್ ಹಾಗೆ ಇದೂ ಆಗುತ್ತದಾ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಬರದೆ ಇರುವುದಿಲ್ಲ. ಸ್ವರ್ಗ, ಪಡ್ರೆ ಕಡೆಯವರು ಕೇಳಿದರೆ ನಾನು ಮೊದಲು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು 2000ದವರೆಗೂ ನಡೆಯಿತು, ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ವಿಷವನ್ನೇ ತಡೆದದ್ದು 2011ರಲ್ಲಿ. ಎಂಡೋಸಲ್ಫಾನ್ ನರಗಳ ಮೇಲೆ ಕೆಲಸ ಮಾಡುವ ಕೀಟನಾಶಕ, ಮೀನಿಗಂತೂ ಘೋರ ವಿಷ. ನ್ಯಾನೊ ಕಣಗಳ ದಾರಿ ಅದಲ್ಲ, ಪ್ರಮಾಣವೂ ಅದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅಲ್ಲಿ ನೋವು ತಿಂದವರಿಗೇ ಅನ್ಯಾಯ ಅಂತ ನನಗೆ ಅನಿಸುತ್ತದೆ.

ಮೀನು ತಿನ್ನಬಹುದಾ, ಬಿಡಬೇಕಾ?

ನಾನು ತಿನ್ನುತ್ತೇನೆ. ಕಣ ಕೂಡುವುದು ಕಿವಿರು, ಕರುಳು, ಲಿವರಿನಲ್ಲಿ, ಮಾಂಸದಲ್ಲಿ ಕಡಿಮೆ. ಬಂಗುಡೆ, ಬೂತಾಯಿ ಕೊಯ್ಯುವಾಗ ಅದನ್ನೆಲ್ಲ ತೆಗೆದೇ ಬಿಡುತ್ತೇವೆ. ಬೆಕ್ಕಿಗೆ ಸ್ವಲ್ಪ ಅನ್ಯಾಯ. ಇಡಿಯಾಗಿ ತಿನ್ನುವ, ಮಲಯಾಳದವರು ನೆತ್ತಲ್ ಅನ್ನುವ ಪುಟ್ಟ ಮೀನು, ಮರುವಾಯಿ, ಪಡನ್ನದ ಕಡೆ ಸಾಕುವ ಕಲ್ಲುಮ್ಮಕಾಯಿ ಎಂಬ ಚಿಪ್ಪಿನ ಲೆಕ್ಕ ಸ್ವಲ್ಪ ಬೇರೆ. ಚಿಪ್ಪುಗಳು ನೀರು ಸೋಸಿಯೇ ಬದುಕುವುದು. ಕೊಳಕು ನೀರಿನ ಬಾಯಲ್ಲಿ ಹೆಕ್ಕಿದ್ದು ಬೇಡ. ಶುದ್ಧ ಉಪ್ಪು ನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಹೊಟ್ಟೆಯ ಕೆಸರಿನ ಜೊತೆ ಒಂದಷ್ಟು ಹೊರಗೆ ಹೋಗುತ್ತದೆ.

ನಮ್ಮ ನೀರನ್ನು ಪರೀಕ್ಷೆ ಮಾಡಿಸಿದರೆ ನ್ಯಾನೊ ಕಣ ಗೊತ್ತಾಗುತ್ತದಾ?

ಸಾಮಾನ್ಯ ಲ್ಯಾಬಿನಲ್ಲಿ ಇಲ್ಲ. ಅಲ್ಲಿ ನೀರನ್ನು 0.45 ಮೈಕ್ರೊಮೀಟರಿನ ಸೋಸುಹಾಳೆಯಲ್ಲಿ ಸೋಸುತ್ತಾರೆ. ಕೆಳಗೆ ಇಳಿದದ್ದೆಲ್ಲ "ಕರಗಿದ್ದು" ಅಂತ ಬರೆಯುತ್ತಾರೆ. ಅದು 450 ನ್ಯಾನೊಮೀಟರ್. ನಮ್ಮ ಕಣಗಳು ಮುಂಬಾಗಿಲಿನಿಂದಲೇ ಹೋಗಿ ಕರಗಿದವರ ಪಟ್ಟಿಯಲ್ಲಿ ಕೂರುತ್ತವೆ. ಕಣವನ್ನೇ ಹಿಡಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಒಂದೊಂದೇ ಕಣ ಎಣಿಸುವ ದುಬಾರಿ ಯಂತ್ರ ಬೇಕು. ತಾಮ್ರ, ಸತು ಒಟ್ಟು ಎಷ್ಟಿದೆ, ನೀರು ಮೆದುವೋ ಗಡಸೋ, ಪಿಎಚ್ ಎಷ್ಟು, ಇಷ್ಟು ಕೇಳಿ ಸಾಕು.

ಬಾವಿಗೆ ಬಿಟ್ಟ ಗಪ್ಪಿ ಮೀನುಗಳೆಲ್ಲ ಒಂದೇ ರಾತ್ರಿ ಸತ್ತವು. ನ್ಯಾನೊ ಕಣವೇ ಕಾರಣವಾ?

ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಬೇಸಿಗೆಯ ಕೆರೆಯಲ್ಲಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಕಮ್ಮಿಯಾಗಿದೆ ಅಂತ ಅರ್ಥ. ಬಾವಿಯಾದರೆ, ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾವಾಗ ಅಂತ ಮೊದಲು ಮನೆಯಲ್ಲಿ ವಿಚಾರಿಸಿ. ಕಳೆದ ಸಲ ನನ್ನ ಹತ್ತಿರ ಬಂದವರು ಅಲ್ಲೇ ಮನೆಗೆ ಫೋನ್ ಮಾಡಿದರು. ಹಿಂದಿನ ದಿನ ಸಂಜೆ ಹಾಕಿದ್ದರಂತೆ, ಎರಡು ಮುಷ್ಟಿ ಜಾಸ್ತಿಯೇ.